ಮಗ ‘ಫೋರ್ಸ್’ ಎಂದಾಗ ಮನೆಯವರು ಏನು ಕೇಳಬೇಕು?

‘ಫೋರ್ಸ್’ ಎಂಬ ಇಂಗ್ಲಿಷ್ ಪದ ನಮ್ಮ ಮನೆಗಳಲ್ಲಿ ಈಗ ಕನ್ನಡದ್ದೇ ಆಗಿಬಿಟ್ಟಿದೆ. ಮದುವೆ ಊಟದಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದವರಿಗೆ ‘ಫೋರ್ಸ್ ಮಾಡ್ಬೇಡಿ’ ಎನ್ನುತ್ತೇವೆ. ಮಗಳು ಸೈನ್ಸ್ ಬೇಡವೆಂದರೆ ‘ನಾವೇನೂ ಫೋರ್ಸ್ ಮಾಡೋದಿಲ್ಲ’ ಎನ್ನುತ್ತೇವೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ‘ಫೋರ್ಸ್ ಇಲ್ಲ’ ಎಂದೇ ಹೇಳುವುದು. ಉಪಚಾರ, ಒತ್ತಾಯ, ಮುಲಾಜು, ಬಲವಂತ, ಬಲಾತ್ಕಾರ ಎಂದು ಹಿಂದಿನವರು ಬೇರೆ ಬೇರೆಯಾಗಿ ಹೇಳುತ್ತಿದ್ದುದೆಲ್ಲ ಈ ಒಂದು ಪದದ ಹೊಟ್ಟೆಗೆ ಸೇರಿಹೋಗಿದೆ.

ಊರಿನ ಮಾತಿನಲ್ಲಿ ಇದರಿಂದ ನಷ್ಟವೇನಿಲ್ಲ. ಆದರೆ ದಮಾಮ್‌ನಿಂದಲೋ ಮಸ್ಕತ್‌ನಿಂದಲೋ ರಾತ್ರಿ ಹತ್ತಕ್ಕೆ ಬರುವ ಫೋನಿನಲ್ಲಿ ಮಗ ‘ಇಲ್ಲಿ ಫೋರ್ಸ್ ಮಾಡಿ ಕೆಲಸ ಮಾಡಿಸ್ತಾರಮ್ಮ’ ಎಂದಾಗ ಮನೆಯವರ ಕಿವಿಗೆ ಬೀಳುವುದೂ ಅದೇ ಹೋಳಿಗೆಯ ಫೋರ್ಸ್. ‘ಹೊಸ ಜಾಗ ಅಲ್ವಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಗಾ’ ಎಂಬ ಉತ್ತರ ಬರುತ್ತದೆ. ಅವನು ಮತ್ತೆ ಆ ವಿಷಯ ಎತ್ತುವುದಿಲ್ಲ. ಕೊಲ್ಲಿ ನಾಡುಗಳಲ್ಲಿ ದುಡಿಯುವ ನಾವು ಹೇಳಹೊರಟಿರುವುದು ಇಷ್ಟೇ: ಈ ಪದಕ್ಕೆ ಕಾನೂನಿನಲ್ಲಿ ಒಂದು ಖಚಿತವಾದ ಅರ್ಥವಿದೆ. ಅದು ಕೆಲಸಕ್ಕೆ ಹೋದವನಿಗಿಂತ ಮೊದಲು ಮನೆಯಲ್ಲಿ ಕುಳಿತವರಿಗೆ ಗೊತ್ತಿರಬೇಕು.

ಮಾಡಬೇಕಾಯಿತು, ಮಾಡಿಸಿದರು

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ ಪದಗಳು ಹಲವು. ‘ಫೋರ್ಸ್’ ಎಂದರೆ ಬಲ ಹಾಕಿ ಅಥವಾ ಅಧಿಕಾರ ತೋರಿಸಿ ಮಾಡಿಸುವುದು. ‘ಕಂಪೆಲ್’ ಎಂಬುದು ಮನುಷ್ಯರಿಗೂ ಸಲ್ಲುತ್ತದೆ, ಪರಿಸ್ಥಿತಿಗೂ ಸಲ್ಲುತ್ತದೆ. ಮಳೆ ಕೈಕೊಟ್ಟಿದ್ದರಿಂದ ಊರು ಬಿಟ್ಟವನು ಹಾಗೆ ಹೊರಟವನೇ. ‘ಕೊಯರ್ಷನ್’ ಎಂದರೆ ಬೆದರಿಕೆಯಿಂದ ಒಪ್ಪಿಸುವುದು. ‘ಒಬ್ಲೈಜ್’ ಎಂಬುದು ಕರ್ತವ್ಯ ಅಥವಾ ಹಂಗಿನ ಮಾತು. ಶಾಲೆಯ ರಜೆ ಚೀಟಿಯ ಕೊನೆಯಲ್ಲಿ ನಾವೆಲ್ಲ ಅರ್ಥ ತಿಳಿಯದೆಯೇ ಬರೆದ ಪದ ಅದು. ಈ ನಾಲ್ಕನ್ನೂ ನಾವು ‘ಫೋರ್ಸ್’ ಎಂದೇ ಹೇಳಿ ಮುಗಿಸುತ್ತೇವೆ.

ಇನ್ನೊಂದು ತೊಡಕು ಕನ್ನಡದ ಜಾಯಮಾನದಲ್ಲೇ ಇದೆ. ‘ಹನ್ನೆರಡು ಗಂಟೆ ಡ್ಯೂಟಿ ಮಾಡಬೇಕಾಯಿತು’, ‘ಪಾಸ್‌ಪೋರ್ಟ್ ಕೊಡಬೇಕಾಗಿ ಬಂತು’, ‘ಕಾಗದಕ್ಕೆ ಸಹಿ ಹಾಕಬೇಕಾಯಿತು’ ಎನ್ನುವುದು ನಮ್ಮ ಸಹಜ ಮಾತು. ಈ ವಾಕ್ಯಗಳಲ್ಲಿ ಮಾಡಿಸಿದವನೇ ಇಲ್ಲ. ಮಳೆ ಬಂದಂತೆ, ಜ್ವರ ಬಂದಂತೆ ಎಲ್ಲವೂ ತಾನಾಗಿ ‘ಬಂತು’. ಅದೇ ‘ಮಾಡಿಸಿದರು’, ‘ಕಿತ್ತುಕೊಂಡರು’, ‘ಸಹಿ ಹಾಕಿಸಿಕೊಂಡರು’ ಎಂದರೆ ಮಾಡಿಸಿದವನು ಕಣ್ಣೆದುರು ನಿಲ್ಲುತ್ತಾನೆ. ಮನೆಯವರಿಗೆ ಚಿಂತೆಯಾದೀತು ಎಂದು ಮೊದಲ ರೀತಿಯಲ್ಲೇ ಮಾತಾಡುವ ಅಭ್ಯಾಸ ನಮ್ಮದು. ಆದ್ದರಿಂದ ‘ಬೇಕಾಯಿತು’ ಎಂಬ ಮಾತು ಕೇಳಿದಾಗ ಮನೆಯವರು ಎರಡು ಪ್ರಶ್ನೆ ಹಾಕಬೇಕು. ಯಾರು ಮಾಡಿಸಿದ್ದು? ಮಾಡದಿದ್ದರೆ ಏನಾಗುತ್ತಿತ್ತು?

ಈ ಎರಡನೆಯ ಪ್ರಶ್ನೆಯೇ ಕಾನೂನಿನ ತಿರುಳು.

ಎರಡು ಮಾತಿನ ವ್ಯಾಖ್ಯಾನ

‘ಫೋರ್ಸ್ಡ್ ಲೇಬರ್’, ಅಂದರೆ ಬಲವಂತದ ದುಡಿಮೆಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1930ರಲ್ಲೇ ವ್ಯಾಖ್ಯಾನ ಬರೆಯಿತು. ಅದು ಆ ಸಂಸ್ಥೆಯ 29ನೇ ಒಪ್ಪಂದ. ಭಾರತ ಅದನ್ನು 1954ರಲ್ಲಿ ಅನುಮೋದಿಸಿದೆ. ವ್ಯಾಖ್ಯಾನದಲ್ಲಿ ಇರುವುದು ಎರಡೇ ಅಂಶ. ಒಂದು, ಮಾಡದಿದ್ದರೆ ಏನಾದರೊಂದು ದಂಡನೆ ಎದುರಾಗುತ್ತದೆ ಎಂಬ ಬೆದರಿಕೆ. ಇನ್ನೊಂದು, ಆ ಕೆಲಸಕ್ಕೆ ವ್ಯಕ್ತಿ ತಾನಾಗಿ ಒಪ್ಪಿಕೊಂಡಿಲ್ಲದಿರುವುದು. ಕಡ್ಡಾಯ ಸೈನಿಕ ಸೇವೆ, ನ್ಯಾಯಾಲಯದ ತೀರ್ಪಿನಂತೆ ಕೈದಿಗಳು ಮಾಡುವ ಕೆಲಸ, ಪ್ರವಾಹ ಬೆಂಕಿಯಂಥ ತುರ್ತು ಸಂದರ್ಭದ ಕೆಲಸ ಮುಂತಾದ ಕೆಲವನ್ನು ಅದು ಹೊರಗಿಟ್ಟಿದೆ.

ದಂಡನೆ ಎಂದರೆ ಚಾವಟಿ, ಸರಪಳಿ ಎಂದು ಕಲ್ಪಿಸಿಕೊಳ್ಳಬೇಕಿಲ್ಲ. ದುಡಿದ ಸಂಬಳ ಕೊಡದೆ ಉಳಿಸಿಕೊಳ್ಳುವುದು, ಪೊಲೀಸರಿಗೆ ಹಿಡಿದುಕೊಡುತ್ತೇನೆ ಎನ್ನುವುದು, ಸೌದಿಯಲ್ಲಿ ‘ಹುರೂಬ್ ಹಾಕಿಬಿಡ್ತೇನೆ’ ಎಂದು, ಅಂದರೆ ಕೆಲಸ ಬಿಟ್ಟು ಓಡಿಹೋದನೆಂದು ದೂರು ಕೊಡುತ್ತೇನೆ ಎಂದು ಹೆದರಿಸುವುದು, ಇವೂ ಬೆದರಿಕೆಗಳೇ. ಬಲವಂತದ ದುಡಿಮೆಯನ್ನು ಗುರುತಿಸಲು ಅದೇ ಸಂಸ್ಥೆ 11 ಸೂಚನೆಗಳನ್ನು ಪಟ್ಟಿ ಮಾಡಿದೆ. ಅಸಹಾಯಕತೆಯ ದುರುಪಯೋಗ, ವಂಚನೆ, ಓಡಾಟಕ್ಕೆ ತಡೆ, ಹೊರಗಿನವರ ಸಂಪರ್ಕ ತಪ್ಪಿಸುವುದು, ದೈಹಿಕ ಮತ್ತು ಲೈಂಗಿಕ ಹಿಂಸೆ, ಬೆದರಿಕೆ, ಗುರುತಿನ ದಾಖಲೆ ಕಸಿದುಕೊಳ್ಳುವುದು, ಸಂಬಳ ತಡೆಹಿಡಿಯುವುದು, ಸಾಲದ ಬಿಗಿ, ಅಮಾನವೀಯ ವಸತಿ ಮತ್ತು ಕೆಲಸದ ಸ್ಥಿತಿ, ಮಿತಿಮೀರಿದ ಓವರ್‌ಟೈಮ್. ಎಲ್ಲ ಹನ್ನೊಂದೂ ಸೇರಬೇಕೆಂದಿಲ್ಲ. ಕೆಲವೊಮ್ಮೆ ಒಂದೇ ಸಾಕಾಗಬಹುದು, ಕೆಲವೊಮ್ಮೆ ಹಲವನ್ನು ಕೂಡಿಸಿ ನೋಡಬೇಕಾಗಬಹುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 2.76 ಕೋಟಿ ಜನ ಇಂಥ ದುಡಿಮೆಯಲ್ಲಿದ್ದರು ಎಂದು ಸಂಸ್ಥೆಯ ಅಂದಾಜು.

ನಮ್ಮ ಸಂವಿಧಾನವೂ ಈ ವಿಷಯದಲ್ಲಿ ಮೌನವಾಗಿಲ್ಲ. 23ನೇ ವಿಧಿ ಮಾನವ ಸಾಗಣೆಯನ್ನೂ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ಗಾಗಿ ಕ್ರೀಡಾಂಗಣ, ಮೇಲ್ಸೇತುವೆ ಕಟ್ಟಿದ ಕಾರ್ಮಿಕರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು ‘ಬಲ’ ಎಂಬ ಪದವನ್ನು ವಿಸ್ತಾರವಾಗಿ ಓದಿದರು. ದೈಹಿಕ ಬಲ, ಕಾನೂನಿನ ಬಲ ಮಾತ್ರವಲ್ಲ, ಬೇರೆ ದಾರಿಯೇ ಇಲ್ಲದಂತೆ ಮಾಡುವ ಹಸಿವು ಬಡತನವೂ ಬಲವೇ ಎಂಬುದು ತೀರ್ಪಿನ ಸಾರ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆ ಎಂದೂ ಅದು ಹೇಳಿತು. ಆ ತೀರ್ಪು ಕೊಲ್ಲಿಯ ನ್ಯಾಯಾಲಯಗಳಿಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಊರಿನ ಜಗಲಿಯಲ್ಲಿ ಕುಳಿತು ‘ಯಾರು ಕತ್ತು ಹಿಡಿದು ಕೆಲಸ ಮಾಡಿಸಿದರು?’ ಎಂದು ಕೇಳುವವರಿಗೆ ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯ ನಾಲ್ಕು ದಶಕಗಳ ಹಿಂದೆಯೇ ಕೊಟ್ಟ ಉತ್ತರ ಅದು.

‘ನೀನೇ ಹೋದದ್ದಲ್ಲವೇ?’

ಕಷ್ಟ ಹೇಳಿಕೊಂಡವನ ಬಾಯಿ ಮುಚ್ಚಿಸಲು ಈ ಒಂದು ಪ್ರಶ್ನೆ ಸಾಕು. ಸಾಲ ಮಾಡಿ ವೀಸಾ ತೆಗೆದದ್ದು ಅವನೇ, ವಿಮಾನ ಹತ್ತಿದ್ದೂ ಅವನೇ. ಹಾಗಾದರೆ ಬಲವಂತ ಎಲ್ಲಿ ಬಂತು ಎಂಬ ತರ್ಕ ಮೇಲ್ನೋಟಕ್ಕೆ ಸರಿ ಎನಿಸುತ್ತದೆ.

ಆದರೆ ಹೋಗಲು ಒಪ್ಪಿದ್ದು ಬೇರೆ, ಉಳಿಯಲು ಒಪ್ಪಿದ್ದು ಬೇರೆ. ಸೇಲ್ಸ್‌ಮನ್ ಕೆಲಸ ಎಂದು ಒಪ್ಪಿ ಬಂದವನನ್ನು ಮರಳುಗಾಡಿನಲ್ಲಿ ಒಂಟೆ ಕಾಯಲು ಬಿಟ್ಟರೆ ಅವನು ಒಪ್ಪಿದ್ದು ಸೇಲ್ಸ್‌ಮನ್ ಕೆಲಸಕ್ಕೆ ಮಾತ್ರ. ಊರಿನಲ್ಲಿ ಒಂದು ಸಂಬಳದ ಕಾಗದ ತೋರಿಸಿ, ಬಂದ ಮೇಲೆ ಅದಕ್ಕಿಂತ ಕಡಿಮೆ ಸಂಬಳದ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿದರೆ ಮೊದಲ ಒಪ್ಪಿಗೆಗೆ ಬೆಲೆಯಿಲ್ಲ. ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಸ್ವಾತಂತ್ರ್ಯವೂ ಇರಬೇಕು. ಮಾನವ ಸಾಗಣೆ ತಡೆಗೆ ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪ್ರೋಟೊಕಾಲ್ ಕೂಡ ಬೆದರಿಕೆ, ಮೋಸ, ವಂಚನೆ ನಡೆದಿದ್ದರೆ ಸಂತ್ರಸ್ತರ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎನ್ನುತ್ತದೆ.

ಇದು ದೂರದ ಮಾತಲ್ಲ. ರಷ್ಯಾದಲ್ಲಿ ಸಹಾಯಕರ ಕೆಲಸ ಎಂದು ನಂಬಿ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ್ದು 2024ರಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಥಾಯ್ಲೆಂಡಿನಲ್ಲಿ ಐಟಿ ಕೆಲಸ ಎಂದು ಹೊರಟ ಭಾರತದ ಹುಡುಗರು ಮ್ಯಾನ್ಮಾರ್‌ನ ಮ್ಯಾವಡಿ ಕಡೆಯ ಆವರಣಗಳಲ್ಲಿ ಕೂಡಿಹಾಕಲ್ಪಟ್ಟು ಆನ್‌ಲೈನ್ ವಂಚನೆ ಮಾಡಬೇಕಾಯಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಅಂಥ 500ಕ್ಕೂ ಹೆಚ್ಚು ಮಂದಿಯನ್ನು ಸರ್ಕಾರ ವಾಪಸ್ ಕರೆತಂದಿತು. ಇವರೆಲ್ಲ ವಿಮಾನ ಹತ್ತಿದ್ದು ತಾವಾಗಿಯೇ.

ಕಾನೂನು ಬದಲಾಗಿದೆ, ಸಾಲ ಬದಲಾಗಿಲ್ಲ

ಕೊಲ್ಲಿಯ ಕಾನೂನುಗಳೆಲ್ಲ ಹಳೆಯ ಕಾಲದಲ್ಲೇ ನಿಂತಿವೆ ಎಂಬ ಮಾತು ಸರಿಯಲ್ಲ. ಯುಎಇಯ 2021ರ ಕಾರ್ಮಿಕ ಕಾನೂನು 2022ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಕೆಲಸಗಾರನನ್ನು ಬಲವಂತದಿಂದ, ದಂಡನೆಯ ಬೆದರಿಕೆಯಿಂದ ದುಡಿಸಿಕೊಳ್ಳಬಾರದು, ಅವನ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಕತಾರ್‌ನಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡ ಮಾಲೀಕನಿಗೆ 25,000 ರಿಯಾಲ್‌ವರೆಗೆ ದಂಡವಿದೆ. ಕೆಲಸ ಬದಲಿಸಲು ಹಳೆಯ ಮಾಲೀಕನ ಎನ್‌ಒಸಿ ಬೇಕೆಂಬ ನಿಯಮವನ್ನು ಅಲ್ಲಿ 2020ರಲ್ಲಿ ತೆಗೆದರು. ಸೌದಿ ಅರೇಬಿಯಾ 2021ರ ಮಾರ್ಚ್‌ನಿಂದ ಖಾಸಗಿ ವಲಯದವರಿಗೆ ಕೆಲವು ಷರತ್ತುಗಳೊಂದಿಗೆ ಕೆಲಸ ಬದಲಿಸುವ, ಊರಿಗೆ ಹೋಗಿಬರುವ ಸ್ವಾತಂತ್ರ್ಯ ಕೊಟ್ಟಿತು. ಆದರೆ ಮನೆಗೆಲಸದವರನ್ನು, ಮನೆಯ ಡ್ರೈವರ್‌ಗಳನ್ನು ಅದರಿಂದ ಹೊರಗಿಟ್ಟಿತು. ಬದಲಾವಣೆ ಒಂದೇ ದಿಕ್ಕಿಗೆ ನಡೆಯುತ್ತಿದೆ ಎನ್ನುವಂತೆಯೂ ಇಲ್ಲ. ಕುವೈತ್‌ನ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಟ್ಟು ಹೊರಡಲು 2025ರ ಜುಲೈ 1ರಿಂದ ಮಾಲೀಕನ ಒಪ್ಪಿಗೆಯುಳ್ಳ ಎಕ್ಸಿಟ್ ಪರ್ಮಿಟ್ ಪಡೆಯಬೇಕಾಗಿದೆ.

ಪಾಸ್‌ಪೋರ್ಟ್ ವಿಷಯದಲ್ಲಿ ನಮ್ಮ ಕಡೆಯ ಕಾನೂನೂ ಸ್ಪಷ್ಟವಿದೆ. 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಅದು ಎಂದೆಂದಿಗೂ ಭಾರತ ಸರ್ಕಾರದ ಸ್ವತ್ತು. ಅದನ್ನು ಬೀಗ ಹಾಕಿ ಇಟ್ಟುಕೊಳ್ಳಲು ಕಂಪನಿಗೂ ಹಕ್ಕಿಲ್ಲ, ಕಫೀಲನಿಗೂ ಇಲ್ಲ. ‘ಸೇಫ್ಟಿಗೆ ಆಫೀಸಿನಲ್ಲಿಟ್ಟಿದ್ದಾರೆ’ ಎಂಬ ಮಾತು ನಂಬುವಂಥದ್ದೇ ಎಂದು ನೋಡಲು ಸುಲಭದ ದಾರಿಯೊಂದಿದೆ. ಕೇಳಿದ ದಿನವೇ ಕೊಡುತ್ತಾರೆಯೇ ಎಂದು ವಿಚಾರಿಸಿದರೆ ಸಾಕು.

ಹಾಗಾದರೆ ಕಾನೂನಿದ್ದೂ ನಮ್ಮವರು ಏಕೆ ದೂರು ಕೊಡುವುದಿಲ್ಲ? ಇಲ್ಲಿ ಮನೆಯವರಿಗೆ ಸ್ವಲ್ಪ ಕಹಿಯಾದ ಮಾತನ್ನೇ ಹೇಳಬೇಕಾಗಿದೆ. ಕ್ಯಾಂಪಿನ ಗೇಟಿಗಿಂತ ಗಟ್ಟಿಯಾದ ಬೀಗ ಊರಿನಲ್ಲಿದೆ. ಸೊಸೈಟಿಯಲ್ಲಿ ಅಡವಿಟ್ಟ ಅಕ್ಕನ ಚಿನ್ನ, ಕೈಸಾಲದ ಬಡ್ಡಿ, ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬ್, ನಿಶ್ಚಯವಾದ ತಂಗಿಯ ಮದುವೆ. ಇವು ಯಾವುವೂ ಕಾನೂನಿನ ಅರ್ಥದ ಬಲವಂತವಲ್ಲ. ತಂದೆತಾಯಿಯನ್ನು ಯಾರೂ ಮಾಲೀಕನ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಆದರೆ ಕೆಟ್ಟ ಮಾಲೀಕನಿಗೆ ಈ ಲೆಕ್ಕವೆಲ್ಲ ಗೊತ್ತಿರುತ್ತದೆ. ‘ಬೇಡವಾದರೆ ಊರಿಗೆ ಹೋಗು’ ಎಂದು ಅವನು ಧೈರ್ಯವಾಗಿ ಹೇಳುವುದು ಇವನಿಗೆ ಊರಿಗೆ ಹೋಗುವ ಮುಖವಿಲ್ಲ ಎಂದು ತಿಳಿದೇ. ಭಾರತದಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಅದರ ಹಲವು ಪಟ್ಟು ಕೊಟ್ಟು, ರಸೀದಿಯೂ ಇಲ್ಲದೆ, ವಿಸಿಟ್ ವೀಸಾದಲ್ಲಿ ಹೊರಟವನು ವಿಮಾನ ಹತ್ತುವ ಮೊದಲೇ ತನ್ನ ‘ಇಲ್ಲ’ ಎನ್ನುವ ಶಕ್ತಿಯನ್ನು ಅಡವಿಟ್ಟಿರುತ್ತಾನೆ.

ಎಲ್ಲವೂ ಬಲವಂತವಲ್ಲ

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಸೂಪರ್‌ವೈಸರ್ ಬೈದದ್ದು, ಶುಕ್ರವಾರ ಡ್ಯೂಟಿ ಬಿದ್ದದ್ದು, ಕ್ಯಾಂಪಿನ ಊಟ ಸೇರದ್ದು, ಕೇಳಿದ ತಿಂಗಳು ರಜೆ ಸಿಗದ್ದು, ಇವು ಕಷ್ಟಗಳು. ಕೆಲವು ಅನ್ಯಾಯಗಳೂ ಹೌದು. ಆದರೆ ಇವನ್ನೆಲ್ಲ ‘ಫೋರ್ಸ್ಡ್ ಲೇಬರ್’ ಎಂದು ಬರೆದ ದೂರು ರಾಯಭಾರ ಕಚೇರಿಯ ಮೇಜಿನ ಮೇಲೆ ತೂಕ ಕಳೆದುಕೊಳ್ಳುತ್ತದೆ. ಅದರ ಹಿಂದೆಯೇ ಬರುವ ನಿಜವಾದ ದೂರಿನ ತೂಕವೂ ಇಳಿಯುತ್ತದೆ. ಮನಸ್ಸಿಲ್ಲದೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಬಲವಂತದ ಮಾಘಸ್ನಾನ’ ಎಂಬ ಒಳ್ಳೆಯ ಮಾತಿದೆ. ಚಳಿಗೆ ನಡುಗುತ್ತಾ ಮಿಂದೆದ್ದು ಬಂದವನಿಗೆ ಸಿಟ್ಟು ಬಂದಿರುತ್ತದೆ, ಅಷ್ಟೇ. ಹೊಳೆಯಿಂದ ಎದ್ದು ಬರದಂತೆ ದಡದಲ್ಲಿ ಯಾರಾದರೂ ಕೋಲು ಹಿಡಿದು ನಿಂತರೆ ಅದು ಬೇರೆಯೇ ಸಂಗತಿ. ಈ ಎರಡನ್ನು ಬೇರ್ಪಡಿಸಿ ಹೇಳುವುದು ನಮಗೆ ಬರಬೇಕು.

ಹೀಗೆ ಬರೆದರೆ ಅನ್ನ ಕೊಟ್ಟ ನಾಡಿಗೆ ಕೆಟ್ಟ ಹೆಸರು ತಂದಂತಲ್ಲವೇ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಕರಾವಳಿಯ, ಮಲೆನಾಡಿನ, ಬಯಲುಸೀಮೆಯ ಎಷ್ಟೋ ಮನೆಗಳ ತಾರಸಿ ಎದ್ದದ್ದು, ಮಕ್ಕಳು ಇಂಜಿನಿಯರ್ ಆದದ್ದು ಈ ದುಡಿಮೆಯಿಂದಲೇ. ಸಂಬಳ ತಪ್ಪದೆ ಕೊಟ್ಟು, ಹಬ್ಬಕ್ಕೆ ಉಡುಗೊರೆಯನ್ನೂ ಕೊಟ್ಟು ಕಳಿಸುವ ಮಾಲೀಕರು ಇಲ್ಲಿ ಬೇಕಾದಷ್ಟಿದ್ದಾರೆ. ಆ ಋಣ ನಮಗಿದೆ. ಆದರೆ ಬಲವಂತವನ್ನು ನಿಷೇಧಿಸಿರುವುದು ಈ ನಾಡುಗಳ ಕಾನೂನೇ. ಅದನ್ನು ಮುರಿದವನ ವಿರುದ್ಧ ದೂರು ಕೊಟ್ಟರೆ ನಾಡಿಗೆ ಕೆಟ್ಟ ಹೆಸರು ಬರುವುದಿಲ್ಲ.

ಫೋನಿನಲ್ಲಿ ಕೇಳಬೇಕಾದದ್ದು

‘ಊಟ ಆಯ್ತಾ, ದುಡ್ಡು ಯಾವಾಗ ಹಾಕ್ತೀಯ’ ಎಂಬುದರ ಜತೆಗೆ ತಿಂಗಳಿಗೊಮ್ಮೆ ಈ ಐದು ಪ್ರಶ್ನೆ ಕೇಳಿ. ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ? ಸಂಬಳ ಯಾವ ತಿಂಗಳವರೆಗೆ ಬಂದಿದೆ, ಬ್ಯಾಂಕಿಗೆ ಬಂತೋ ಕೈಗೆ ಬಂತೋ? ಡ್ಯೂಟಿ ಮುಗಿದ ಮೇಲೆ ಕೇಳದೆ ಹೊರಗೆ ಹೋಗಬಹುದೇ? ಊರಿನಲ್ಲಿ ಹೇಳಿದ ಕೆಲಸವೇ ಕೊಟ್ಟಿದ್ದಾರೆಯೇ? ಕೆಲಸ ಬೇಡವೆಂದರೆ ಏನು ಮಾಡುತ್ತೇವೆ ಎನ್ನುತ್ತಾರೆ? ಉತ್ತರ ಕೊಡುವಾಗ ಅವನು ತಡವರಿಸಿದರೆ, ಪಕ್ಕದಲ್ಲಿ ಯಾರೋ ಇದ್ದಾರೆ ಎನಿಸಿದರೆ, ಹೌದು ಇಲ್ಲ ಎಂದಷ್ಟೇ ಹೇಳಿದರೆ ಸಾಕಾಗುವಂತೆ ಪ್ರಶ್ನೆ ತಿರುಗಿಸಿ ಕೇಳಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ, ಇಖಾಮಾ ಅಥವಾ ಬತಾಕದ ಪ್ರತಿಗಳು ಮನೆಯಲ್ಲೊಂದು ಇರಲಿ. ಏಜೆಂಟನಿಗೆ ಕೊಟ್ಟ ಹಣದ ಲೆಕ್ಕ ದಿನಾಂಕ ಸಮೇತ ಬರೆದಿಡಿ.

ಸಹಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ‘ಯಾರ ಬಲವಂತ, ಒತ್ತಾಯಕ್ಕೂ ಒಳಗಾಗದೆ ಸ್ವಇಚ್ಛೆಯಿಂದ’ ಎಂಬ ಸಾಲು ನಮ್ಮೂರಿನ ಪತ್ರ ಬರಹಗಾರರು ಕ್ರಯಪತ್ರದಲ್ಲಿ ತಪ್ಪದೆ ಸೇರಿಸುವ ಸಾಲು. 1872ರ ಭಾರತೀಯ ಕರಾರು ಕಾಯ್ದೆ ಮುಕ್ತ ಒಪ್ಪಿಗೆ ಇಲ್ಲದ ಕರಾರನ್ನು ರದ್ದುಪಡಿಸಿಕೊಳ್ಳಲು ಅವಕಾಶ ಕೊಡುವುದರಿಂದಲೇ ಆ ಸಾಲಿಗೆ ಅಷ್ಟು ಮಹತ್ವ. ಕೆಲಸ ಬಿಡುವಾಗ ಕೊಲ್ಲಿಯಲ್ಲೂ ಇಂಥದ್ದೇ ಕಾಗದ ಮುಂದೆ ಬರುತ್ತದೆ. ಎಲ್ಲ ಬಾಕಿ ಪಡೆದಿದ್ದೇನೆ, ಸ್ವಇಚ್ಛೆಯಿಂದ ಹೋಗುತ್ತಿದ್ದೇನೆ ಎಂದು ಅರೇಬಿಕ್‌ನಲ್ಲೋ ಇಂಗ್ಲಿಷಿನಲ್ಲೋ ಅದರಲ್ಲಿ ಬರೆದಿರುತ್ತದೆ. ಹಣ ಕೈಸೇರುವ ಮೊದಲು, ಓದಿಸಿ ಕೇಳುವ ಮೊದಲು ಅದಕ್ಕೆ ಸಹಿ ಹಾಕಿದರೆ ಆಮೇಲೆ ಬಲವಂತವಿತ್ತು ಎಂದು ಸಾಬೀತು ಮಾಡುವ ಹೊರೆ ಸಹಿ ಹಾಕಿದವನ ತಲೆಗೇ ಬೀಳುತ್ತದೆ.

ದೂರು ಕೊಡಲು ದಾರಿಗಳಿವೆ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ಊರಿನಿಂದ ಮನೆಯವರೇ ದೂರು ದಾಖಲಿಸಬಹುದು. ಏಜೆಂಟನ ವಿರುದ್ಧ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದೂರು ಕೊಡಬಹುದು. ಅವನು ನೋಂದಾಯಿತನೇ ಅಲ್ಲವೇ ಎಂಬುದನ್ನು ಹೊರಡುವ ಮೊದಲೇ ಅಲ್ಲಿ ನೋಡಬಹುದು. ಸಂಕಷ್ಟದಲ್ಲಿರುವವರ ವಸತಿ, ಊಟ, ವಾಪಸಾತಿ ಟಿಕೆಟ್‌ಗಾಗಿ 2009ರಿಂದ ಭಾರತೀಯ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿ ಇದೆ. ದೂರಿನಲ್ಲಿ ‘ಫೋರ್ಸ್ ಮಾಡುತ್ತಾರೆ’ ಎಂದು ಒಂದೇ ಸಾಲು ಬರೆಯಬೇಡಿ. ಯಾವ ತಾರೀಕಿನಿಂದ ಸಂಬಳವಿಲ್ಲ, ಪಾಸ್‌ಪೋರ್ಟ್ ಯಾರು ತೆಗೆದುಕೊಂಡರು, ಏನೆಂದು ಹೆದರಿಸಿದರು ಎಂದು ಬರೆಯಿರಿ. ಅಧಿಕಾರಿಗೆ ಬೇಕಾಗಿರುವುದು ಇವೇ ವಿವರಗಳು.

ಇಷ್ಟೆಲ್ಲದರ ಮೇಲೆ, ಯಾವ ಕಚೇರಿಯೂ ಕೊಡಲಾಗದ ಒಂದು ನೆರವು ಮನೆಯವರ ಕೈಯಲ್ಲಿದೆ. ‘ತೀರಾ ಕಷ್ಟವಾದರೆ ಬಂದುಬಿಡು. ಸಾಲವನ್ನು ನಾವೆಲ್ಲ ಸೇರಿ ತೀರಿಸೋಣ’ ಎಂದು ಒಂದು ಸಲ ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದ ಮಾತ್ರಕ್ಕೆ ಯಾರೂ ಕೆಲಸ ಬಿಟ್ಟು ಓಡಿಬರುವುದಿಲ್ಲ. ಎಷ್ಟೋ ಜನ ಇನ್ನೂ ಎರಡು ವರ್ಷ ದುಡಿದೇ ಬರುತ್ತಾರೆ. ಆದರೆ ವಾಪಸ್ ಹೋಗಬಲ್ಲೆ ಎಂದು ಗೊತ್ತಿರುವವನನ್ನು ‘ಊರಿಗೆ ಹೋಗು’ ಎಂದು ಹೆದರಿಸಲು ಯಾವ ಮಾಲೀಕನಿಗೂ ಆಗದು.